ಎರಡಂಕಿಯಲ್ಲಿ ಹಿಡಿಸದ ವಾರ

ಸ್ಕೇಲ್ ಅಕ್ಕನ ಬಗ್ಗೆ ಬರೆಯಬೇಕೆಂದರೆ ಮೊದಲು ಅವರ ಸ್ಕೇಲಿನ ಬಗ್ಗೆ ಬರೆಯಬೇಕು, ಯಾಕೆಂದರೆ ಆ ಆಫೀಸಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಅದೇ. ಒಂದಡಿಯ ಮರದ ಸ್ಕೇಲು, ಅಂಚು ಸವೆದು ಹಳೇ ಸೋಪಿನ ಹಾಗೆ ನುಣುಪಾಗಿದೆ, ಎರಡರಿಂದ ಆರರವರೆಗಿನ ಅಂಕಿಗಳು ಅಳಿಸಿಯೇ ಹೋಗಿವೆ, ಮತ್ತು ಅದರಿಂದ ಅವರು ಏನನ್ನೂ ಅಳೆಯುವುದಿಲ್ಲ. ಸಮೀಕ್ಷೆಯ ಫಾರಂ ಮೇಲೆ ಅದನ್ನು ಅಡ್ಡಕ್ಕೆ ಇಡುತ್ತಾರೆ, ಒಂದು ಸಾಲನ್ನು ಕಂಪ್ಯೂಟರಿಗೆ ಹೊಡೆಯುತ್ತಾರೆ, ಸ್ಕೇಲನ್ನು ಒಂದು ಸಾಲು ಕೆಳಗೆ ಜಾರಿಸುತ್ತಾರೆ, ಮತ್ತೆ ಹೊಡೆಯುತ್ತಾರೆ. ಹದಿನಾಲ್ಕು ವರ್ಷದಿಂದ ಇದೇ. ಯಾರದೋ ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ನೀರು ಎಲ್ಲಿಂದ ಬರುತ್ತದೆ, ಯಾರು ಸತ್ತರು, ಯಾವಾಗ ಸತ್ತರು, ಎಲ್ಲವೂ ಅವರ ಬೆರಳಿನಡಿಯಲ್ಲಿ ಅಂಕಿಯಾಗಿ ಹೋಗುತ್ತದೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ.

ಆಫೀಸು ಒಂದು ಕನ್ನಡಕದ ಅಂಗಡಿಯ ಮೇಲೆ, ಮೊದಲನೇ ಮಹಡಿಯಲ್ಲಿತ್ತು. ಐದು ಮೇಜು, ಎರಡು ಫ್ಯಾನು, ಗೋಡೆಯುದ್ದಕ್ಕೂ ಫಾರಂ ತುಂಬಿದ ಬಟ್ಟೆ ಚೀಲಗಳು. ನಾನು ಸ್ಟ್ಯಾಟಿಸ್ಟಿಕ್ಸ್ ಎರಡನೇ ವರ್ಷ, ಆರು ವಾರದ ಟ್ರೇನಿಂಗ್‌ಗೆಂದು ಹೋದವಳು, ಮೊದಲ ದಿನವೇ ಆ ಜಾಗ ನನಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಅಮ್ಮನಿಗೆ ಹೇಳುತ್ತಾ ಚಪ್ಪಲಿ ಬಿಡುವುದನ್ನೇ ಮರೆತಿದ್ದೆ. ಕ್ಲಾಸಿನಲ್ಲಿ ಬರೀ ಗ್ರಾಫ್ ಆಗಿದ್ದದ್ದು ಇಲ್ಲಿ ದಾರದಲ್ಲಿ ಕಟ್ಟಿಸಿಕೊಂಡು, ಮೂಲೆ ಮಡಚಿಕೊಂಡು, ಟೀ ಕಲೆ ಹಾಕಿಸಿಕೊಂಡು ಮೆಟ್ಟಿಲು ಹತ್ತಿ ಬರುತ್ತಿತ್ತು, ಪ್ರತಿ ಫಾರಮ್ಮೂ ಒಂದು ಮನೆ, ಹೆಸರಿಲ್ಲ, ಬರೀ ಮನೆ ಸಂಖ್ಯೆ ಮತ್ತು ಒಂದು ಫೋನ್ ನಂಬರು. ಅಂಥ ನಾನೂರು ಮನೆ ಸೇರಿದರೆ ಒಂದು ವಲಯ, ಅಂಥ ಹನ್ನೆರಡು ವಲಯ ಸೇರಿದರೆ ಒಂದು ಊರು. ನಮ್ಮ ಮೇಲ್ವಿಚಾರಕರಿಗೆ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಅವರು ನನಗೆ ಕಾಲೇಜು ಅಂತ ಹೆಸರಿಟ್ಟರು. ಮೊದಲ ದಿನ ಕಲಿಸಿದ ನಿಯಮ ಒಂದೇ.

"ಉತ್ತರ ನಮ್ಮದಲ್ಲ, ಕಾಲೇಜು. ಹುಚ್ಚುಚ್ಚಾಗಿ ಕಂಡ್ರೂ ತಿದ್ದಬಾರದು. ತೀರಾ ಅನುಮಾನ ಬಂದ್ರೆ ಆ ಮನೆಗೆ ಫೋನ್ ಮಾಡಿ ಮತ್ತೆ ಕೇಳು."

ಆ ವರ್ಷದ ಸಮೀಕ್ಷೆಯಲ್ಲಿ ಹೊಸದೊಂದು ಭಾಗ ಸೇರಿತ್ತು. ಮನೆಯ ವಯಸ್ಸಾದವರನ್ನು ಮನೆಯವರಲ್ಲಿ ಯಾರು ನೋಡಿಕೊಳ್ಳುತ್ತಾರೆ, ವಾರಕ್ಕೆ ಎಷ್ಟು ಗಂಟೆ, ಅದರಿಂದ ಅವರ ಕೆಲಸಕ್ಕೆ, ಮೈಗೆ ಏನಾಗಿದೆ ಅನ್ನುವುದು. ಒಂದು ವಲಯದ ನಾನೂರು ಮನೆಗಳಲ್ಲಿ ನಲವತ್ತು ಮನೆಗಾದರೂ ಹಾಗೆ ನೋಡಿಕೊಳ್ಳುವವರು ಸಿಕ್ಕಿದರೆ ಆ ವಲಯಕ್ಕೆ ಒಂದು ಹಗಲು ಕೊಠಡಿ ಬರುತ್ತದೆ ಎಂದು ಮೇಲಿನಿಂದ ಪತ್ರ ಬಂದಿತ್ತು. ಹಗಲು ಕೊಠಡಿ ಎಂದರೆ ಬೆಳಿಗ್ಗೆ ಮನೆಯ ಹಿರಿಯರನ್ನು ಬಿಟ್ಟು ಕೆಲಸಕ್ಕೆ ಹೋಗಿ ಸಂಜೆ ಕರೆದುಕೊಂಡು ಬರಬಹುದಾದ ಜಾಗ, ಇಬ್ಬರು ನರ್ಸ್‌ಗಳಿರುತ್ತಾರೆ. ಸ್ಯಾಂಪಲ್ಲಿನಿಂದ ಒಂದು ಕಟ್ಟಡ ಹುಟ್ಟುತ್ತದೆ ಅನ್ನುವುದೇ ನನಗೆ ರೋಮಾಂಚನ, ಅದನ್ನು ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ.

ನನಗೆ ಆಮೇಲೆ ಗೊತ್ತಾದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸ್ಕೇಲ್ ಅಕ್ಕ ದಿನಾ ಮಧ್ಯಾಹ್ನ ಒಂದು ಗಂಟೆಗೆ ಎದ್ದು ಮನೆಗೆ ಹೋಗಿ ಎರಡೂವರೆಗೆ ಬರುತ್ತಿದ್ದರು. "ಅಕ್ಕ ನಿದ್ದೆ ಮಾಡೋಕೆ ಹೋಗ್ತಾರೆ, ಅದಕ್ಕೇ ಮುಖ ಅಷ್ಟು ಫ್ರೆಶ್ಶು" ಎಂದು ಜೆರಾಕ್ಸ್ ಮಷೀನು ನೋಡಿಕೊಳ್ಳುವ ಪ್ರಿಂಟರ್ ಅಣ್ಣ ತಮಾಷೆ ಮಾಡುತ್ತಿದ್ದ. ಮನೆಯಲ್ಲಿ ಅವರ ದೊಡ್ಡಮ್ಮ ಇದ್ದರು, ತಾಯಿಯ ಅಕ್ಕ, ಎಂಬತ್ತೊಂದು ವರ್ಷ. ಆ ಒಂದೂವರೆ ಗಂಟೆಯಲ್ಲಿ ದೊಡ್ಡಮ್ಮನಿಗೆ ಊಟ ಆಗಬೇಕು, ಬಚ್ಚಲಿಗೆ ಹೋಗಿಬರುವುದು ಆಗಬೇಕು, ಮಾತ್ರೆ ಆಗಬೇಕು. ಈಗ ಬಾಗಿಲಿಗೆ ಬೆರಳೊತ್ತುವ ಮಷೀನು ಬಂದಿತ್ತು, ಒಂದನೇ ತಾರೀಖಿನಿಂದ ಎಲ್ಲರೂ ಒಂಬತ್ತರಿಂದ ಐದೂವರೆಯವರೆಗೆ ಕಟ್ಟಡದೊಳಗೇ ಇರಬೇಕು, ಊಟಕ್ಕೆ ಅರ್ಧ ಗಂಟೆ, ಒಪ್ಪಿದವರು ಹೊಸ ಒಪ್ಪಂದಕ್ಕೆ ಸಹಿ ಹಾಕಬೇಕು. ಅಕ್ಕ ಇನ್ನೂ ಸಹಿ ಹಾಕಿರಲಿಲ್ಲ. ಕೆಳಮನೆಯ ಹೆಂಗಸೊಬ್ಬರು ಕೆಲವು ತಿಂಗಳು ಬಂದು ಕೂತಿದ್ದರು, ಅವರೂ ಮಗಳ ಊರಿಗೆ ಹೋಗಿಬಿಟ್ಟಿದ್ದರು. ಉಳಿದದ್ದು ಎರಡೇ ದಾರಿ, ಅಕ್ಕನ ಮನೆಯಿದ್ದ ಏಳನೇ ವಲಯಕ್ಕೆ ಹಗಲು ಕೊಠಡಿ ಬರಬೇಕು ಅಥವಾ ಅಕ್ಕ ಕೆಲಸ ಬಿಡಬೇಕು. ಏಳನೇ ವಲಯದಲ್ಲಿ ಸಿಕ್ಕಿದ್ದು ಮೂವತ್ತೊಂದು ಮನೆ.

ಎರಡನೇ ವಾರ ಮೇಷ್ಟ್ರು ಅದೇ ವಲಯದ ಒಂದು ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಇಪ್ಪತ್ಮೂರು ಫಾರಂ. ತಪಾಸಣೆ ಪ್ರೋಗ್ರಾಂ ಉಗುಳಿರೋದು. ನಿನ್ನ ಪಾಲು."

"ಏನಾಗಿದೆ ಸರ್ ಇವಕ್ಕೆ?"

"ಮನೇಲಿ ವಯಸ್ಸಾದೋರಿದ್ದಾರೆ. ಅವರಿಗೆ ಸ್ನಾನಕ್ಕೆ ಜನ ಬೇಕು, ಏಳೋಕೆ ಜನ ಬೇಕು ಅಂತ ಬರೆದಿದೆ. ನೀವು ಹಿರಿಯರಿಗೆ ಆರೈಕೆ ಒದಗಿಸುತ್ತಿದ್ದೀರಾ ಅಂತ ಕೇಳಿದ್ರೆ ಮನೆಯವರೆಲ್ಲ ಇಲ್ಲ ಅಂದಿದ್ದಾರೆ. ಹಾಗಾದ್ರೆ ಸ್ನಾನ ಮಾಡಿಸೋರು ಯಾರು, ಕಾಗೆ ಗುಬ್ಬಿಗಳಾ?"

"ಸುಳ್ಳು ಹೇಳಿರ್ತಾರಾ?"

"ಸುಳ್ಳಲ್ಲಮ್ಮಾ. ಒದಗಿಸೋಕೆ ಅದೇನು ಗ್ಯಾಸ್ ಸಿಲಿಂಡರಾ? ಹೆಂಡತಿ ಗಂಡನ್ನ ಎತ್ತಿ ಕೂರಿಸ್ತಾಳೆ, ಮಗ ಅಪ್ಪನಿಗೆ ಗಡ್ಡ ತೆಗೀತಾನೆ. ಅದಕ್ಕೆ ಅವರು ಏನೂ ಹೆಸರಿಟ್ಟಿರಲ್ಲ. ಕೇಳೋ ಪೇಪರ್ ಬರೆದೋನು ಹೆಸರಿಟ್ಟಿರ್ತಾನೆ."

ಅದಕ್ಕಾಗಿ ಮರುಕರೆಯ ಫಾರಂ ಬೇರೆಯೇ ಇತ್ತು. ಅದರಲ್ಲಿ ಆರೈಕೆ ಅನ್ನುವ ಮಾತೇ ಇಲ್ಲ, ಬರೀ ಕೆಲಸಗಳ ಪಟ್ಟಿ. ಕಳೆದ ಏಳು ದಿನದಲ್ಲಿ ನೀವು ಅರವತ್ತು ದಾಟಿದ ಯಾರಿಗಾದರೂ ತಲೆ ಬಾಚಿದ್ದೀರಾ, ತುತ್ತು ಕೊಟ್ಟಿದ್ದೀರಾ, ಮಾತ್ರೆ ಕೊಟ್ಟಿದ್ದೀರಾ, ಎತ್ತಿ ಕೂರಿಸಿದ್ದೀರಾ. ಕಳೆದುಹೋದ ಮನುಷ್ಯರನ್ನು ಒಂದು ಪ್ರಶ್ನೆ ಬದಲಿಸಿ ವಾಪಸ್ ಹುಡುಕುತ್ತೇವೆ ಅನ್ನುವ ಖುಷಿಯಲ್ಲಿ ನಾನು ಒಂದೊಂದೇ ಫಾರಂ ತಿರುವುತ್ತಾ ಹೋದೆ, ಹದಿನಾಲ್ಕನೆಯದಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ.

"ಅಕ್ಕಾ, ಇದನ್ನ ಕೇಳಿ. ಮನೇಲಿ ಇಬ್ಬರೇ. ಒಬ್ಬರಿಗೆ ಎಂಬತ್ತೊಂದು, ಒಬ್ಬರಿಗೆ ನಲವತ್ತಾರು. ಎಂಬತ್ತೊಂದರ ಅಜ್ಜಿಗೆ ಸ್ನಾನಕ್ಕೆ ಜನ ಬೇಕು, ಬಟ್ಟೆಗೆ ಜನ ಬೇಕು, ಊಟಕ್ಕೂ ಬೇಕು. ನಲವತ್ತಾರರವರು ನಾನು ಯಾರನ್ನೂ ನೋಡ್ಕೊಳ್ಳಲ್ಲ ಅಂದಿದ್ದಾರೆ. ಈ ಅಜ್ಜಿ ಏನಂದಿದ್ದಾರೆ ಗೊತ್ತಾ? ಹೌದು, ನಾನೇ ಮನೇಲಿರೋ ಇನ್ನೊಬ್ಬರನ್ನ ನೋಡ್ಕೊಳ್ತೀನಿ ಅಂತ. ವಾರಕ್ಕೆ ಎಪ್ಪತ್ತು ಗಂಟೆ."

ಪ್ರಿಂಟರ್ ಅಣ್ಣ ಜೋರಾಗಿ ನಕ್ಕ. "ಅಜ್ಜಿಗೆ ಓವರ್‌ಟೈಮ್ ಕೊಡ್ಸಿ."

ಸ್ಕೇಲ್ ಅಕ್ಕ ತಲೆಯೆತ್ತಲಿಲ್ಲ. ಸ್ಕೇಲು ಒಂದು ಸಾಲು ಕೆಳಗೆ ಜಾರಿತು. "ಆಕೆಗೆ ಹಾಗನ್ಸಿರುತ್ತೆ. ಬರೆದಿರೋದನ್ನ ಹಾಗೇ ಇಡು" ಅಂದರು.

ಮಾರನೇ ದಿನದಿಂದ ಫೋನ್ ಶುರು. ಹನ್ನೊಂದರ ಹೊತ್ತಿಗೆ ಆ ಹದಿನಾಲ್ಕನೇ ಮನೆಯ ನಂಬರು ತಿರುಗಿಸಿದೆ. ಮೊದಲ ರಿಂಗಿಗೇ ಎತ್ತಿದರು.

"ನಮಸ್ಕಾರ, ನಂಬರ್ ಹೇಳಿ."

ವಯಸ್ಸಾದ ದನಿ, ಆದರೆ ಎಷ್ಟು ಚುರುಕು, ಎಷ್ಟು ಸ್ಪಷ್ಟ. ನಾನು ಗಲಿಬಿಲಿಗೊಂಡು ಅವರ ನಂಬರನ್ನೇ ಓದಿ ಹೇಳಿದೆ.

"ಅದು ಇಲ್ಲೇ. ಊರೊಳಗಿನದಾ, ಟ್ರಂಕ್ ಕಾಲಾ?"

"ಅಜ್ಜೀ, ನಾನು ಸಮೀಕ್ಷೆ ಕಚೇರಿಯಿಂದ. ಮನೇಲಿ ಬೇರೆ ಯಾರಾದ್ರೂ ಇದ್ದಾರಾ?"

"ನಮ್ಮ ಹುಡುಗಿ ಇದ್ದಾಳೆ. ಈಗಿಲ್ಲ, ಹೋಗಿದ್ದಾಳೆ. ಸ್ಕೇಲ್ ತಗೊಂಡು ಹೋಗಿದ್ದಾಳೆ."

"ಸ್ಕೇಲಾ?"

"ಮರದ್ದು. ನಾನೇ ಕೊಡ್ಸಿದ್ದು, ಏಳನೇ ಕ್ಲಾಸಿಗೆ. ಕಳ್ಕೊಂಡು ಬಂದ್ರೆ ಮತ್ತೆ ಕೊಡ್ಸಲ್ಲ ಅಂದಿದೀನಿ."

ನಾನು ರಿಸೀವರ್ ಹಿಡಿದುಕೊಂಡೇ ಎದುರು ಮೇಜಿನ ಕಡೆ ನೋಡಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಕೋಪವಿಲ್ಲ, ನಾಚಿಕೆಯಿಲ್ಲ, ಗೋಡೆಯ ಗಡಿಯಾರವನ್ನು ನೋಡುವ ಹಾಗೆ.

"ಲೈನ್ ಕಟ್ ಮಾಡ್ತೀನಿ ಅಂತ ಹೇಳಿ ಇಡು" ಅಂದರು. "ಹಾಗೆ ಹೇಳ್ದಿದ್ರೆ ಅವಳು ರಿಸೀವರ್ ಕೆಳಗಿಡಲ್ಲ. ನಾನು ಹೋಗೋವರೆಗೂ ಕಿವೀಲೇ ಹಿಡ್ಕೊಂಡು ಕೂತಿರ್ತಾಳೆ."

ಹೇಳಿ ಇಟ್ಟೆ. ನಿನ್ನೆ ನಕ್ಕಿದ್ದೆಲ್ಲ ವಾಪಸ್ ಬಂದು ಕಿವಿ ಬಿಸಿಯಾಯಿತು. ಸಾರಿ ಅಕ್ಕಾ ಅಂದೆ, ಯಾವುದಕ್ಕೆ ಅಂದರು, ಕೇಳಿದ ದನಿಯಲ್ಲಿ ನಿಜಕ್ಕೂ ಉತ್ತರ ಬೇಕಿತ್ತೋ ಇಲ್ಲವೋ ತಿಳಿಯಲಿಲ್ಲ. ಒಂದು ಗಂಟೆಗೆ ಎದ್ದು ಚೀಲ ಹೆಗಲಿಗೇರಿಸಿಕೊಂಡಾಗ ನನ್ನ ಮೇಜಿನ ಹತ್ತಿರ ನಿಂತು, "ಬರ್ತೀಯಾ? ಡಬ್ಬಿ ಅಲ್ಲೇ ತಿನ್ನು" ಅಂದರು.

ಹನ್ನೆರಡು ನಿಮಿಷದ ದಾರಿ. ಅಕ್ಕನ ಹೆಜ್ಜೆ ಸ್ವಲ್ಪವೂ ಹೆಚ್ಚು ಕಡಿಮೆಯಾಗುವುದಿಲ್ಲ, ನಾನು ಅರ್ಧ ದಾರಿ ಓಡಿಕೊಂಡೇ ಹೋದೆ. ದಾರಿಯಲ್ಲಿ ಕೇಳಿದ್ದಕ್ಕೆಲ್ಲ ಹೇಳಿದರು, ಕೇಳದ್ದನ್ನು ಹೇಳಲಿಲ್ಲ. ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್, ಮದುವೆಯಾಗಲಿಲ್ಲ. ಅಕ್ಕನಿಗೆ ಆರು ವರ್ಷವಿದ್ದಾಗ ತಾಯಿ ಹೋದರು, ತಂದೆ ಇನ್ನೊಂದು ಮನೆ ಮಾಡಿಕೊಂಡರು, ದೊಡ್ಡಮ್ಮ ಡ್ಯೂಟಿಯ ಮಧ್ಯೆ ಬಿಡುವು ಮಾಡಿಕೊಂಡು ಬಂದು, ಬಟ್ಟೆಬರೆಯ ಸಮೇತ ಇವರನ್ನು ಕರೆದುಕೊಂಡು, ಎಕ್ಸ್‌ಚೇಂಜಿಗೆ ವಾಪಸ್ ಹೋಗಿ, ಸ್ವಿಚ್‌ಬೋರ್ಡಿನ ಕೆಳಗೆ ಕೂರಿಸಿ ಪಾಳಿ ಮುಗಿಸಿದರಂತೆ. ಅಕ್ಕನ ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ದೊಡ್ಡಮ್ಮನೂ ಜೊತೆಗೆ ಬರುತ್ತಾರೆಯೇ ಎಂದು ಗಂಡಿನ ಕಡೆಯವರು ಕೇಳಿದರು, ಮಾತು ಅಲ್ಲಿಗೆ ನಿಂತಿತು. ದೊಡ್ಡಮ್ಮನಿಗೆ ನೆನಪು ತಪ್ಪಲು ಶುರುವಾಗಿ ಆರು ವರ್ಷ, ಕಾಲಿನ ಶಕ್ತಿ ಹೋಗಿ ಮೂರು. ಇದನ್ನೆಲ್ಲ ಅಕ್ಕ ಫಾರಂ ಓದುವ ಹಾಗೆಯೇ ಹೇಳಿದರು, ವಯಸ್ಸು ಮೊದಲು, ಸಂಗತಿ ಆಮೇಲೆ.

ಎರಡನೇ ಮಹಡಿ. ಬಾಗಿಲಿಗೆ ಹೊರಗಿನಿಂದ ಬೀಗ. ನಾನು ಬೀಗ ನೋಡಿದ್ದನ್ನು ಅಕ್ಕ ನೋಡಿದರು, ಕೀಲಿ ತಿರುಗಿಸಿದರು.

ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ಪಕ್ಕ ಕೈಯಿರುವ ಕುರ್ಚಿ, ಕುರ್ಚಿಯ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಕಪ್ಪು ಫೋನು. ಕುರ್ಚಿಯಿಂದ ಬಚ್ಚಲ ಬಾಗಿಲವರೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ ಬಿಗಿದಿತ್ತು, ಹಿಡಿದು ನಡೆಯುವುದಕ್ಕೆ. ಫ್ರಿಜ್ಜಿನ ಐಸ್ ಟ್ರೇಯಲ್ಲಿ ಐಸ್ ಬದಲು ಮಾತ್ರೆಗಳು, ಒಂದೊಂದು ಗುಳಿಗೂ ಒಂದೊಂದು ಹೊತ್ತು. ಇದನ್ನು ಯಾವ ಪ್ರಶ್ನೆಯೂ ಕೇಳುವುದಿಲ್ಲವಲ್ಲ ಎಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ.

ದೊಡ್ಡಮ್ಮ ತೆಳ್ಳಗೆ, ನೆಟ್ಟಗೆ ಕೂತಿದ್ದರು. "ಯಾರೇ ಇವಳು?"

"ಆಫೀಸಿನ ಹುಡುಗಿ. ಏಳು, ಮೊದಲು ಬಚ್ಚಲು."

"ಇವಳಿಗೆ ಯಾವಾಗಲೂ ಅವಸರ" ಎಂದು ದೊಡ್ಡಮ್ಮ ನನಗೆ ಹೇಳಿದರು. "ಹೊಸದಾಗಿ ಸೇರಿದ್ಯಾ? ಯಾವ ಬೋರ್ಡು? ಮೂರನೇ ಬೋರ್ಡ್ ಕೊಟ್ರೆ ಬೇಡ ಅನ್ನು. ಕಿವಿ ಹೋಗುತ್ತೆ."

ಬಚ್ಚಲಿನಿಂದ ಬಂದು, ಕೈ ತೊಳೆದು, ಟವೆಲು ಹಾಸಿ, ಅಕ್ಕ ತಟ್ಟೆ ಮತ್ತು ಚಮಚ ತಂದು ಮೊಣಕಾಲೂರಿ ಕುಳಿತರು. ಮೊದಲ ಚಮಚವನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ನಡುಗುವ ಕೈಯಿಂದ ದೊಡ್ಡಮ್ಮ ಅದನ್ನು ಅಕ್ಕನ ಬಾಯಿಗೆ ಹಿಡಿದರು, ಅರ್ಧ ಟವೆಲ್ ಮೇಲೆ ಬಿತ್ತು. ಅಕ್ಕ ಬಾಯಿ ತೆರೆದು ತಿಂದರು, ಚಮಚ ವಾಪಸ್ ತೆಗೆದುಕೊಂಡರು, ಆಮೇಲೆ ದೊಡ್ಡಮ್ಮನಿಗೆ ಉಣ್ಣಿಸಲು ಶುರು ಮಾಡಿದರು.

"ನಾನು ಕೊಡ್ದಿದ್ರೆ ಇವಳು ಒಂದು ತುತ್ತೂ ಮುಟ್ಟಲ್ಲ" ಎಂದು ದೊಡ್ಡಮ್ಮ ಬಾಯಿ ಒರೆಸಿಸಿಕೊಳ್ಳುತ್ತಾ ನನಗೆ ದೂರು ಹೇಳಿದರು. "ನಾನಿಲ್ದಿದ್ರೆ ಇವಳಿಗೆ ಯಾರಮ್ಮ ಇದ್ದಾರೆ?"

"ಹಾಗೆ ಮಾಡದೆ ಅವಳು ಬಾಯಿ ತೆರೆಯಲ್ಲ" ಎಂದು ಅಕ್ಕ ಮೆಲ್ಲಗೆ ನನಗೆ ಹೇಳಿದರು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಪ್ರೋಗ್ರಾಂ ಇಬ್ಬರನ್ನೂ ತಪ್ಪು ಅಂದಿತ್ತು.

ವಾಪಸ್ ಬರುವಾಗ ಬೀಗ ಹಾಕಿದ ಮೇಲೆ, ಮೆಟ್ಟಿಲಿನಲ್ಲಿ ಕೇಳಿಯೇಬಿಟ್ಟೆ. "ಅಕ್ಕಾ, ನಿಮಗೆ ಆ ಪ್ರಶ್ನೆ ಬಾಯಿಪಾಠ. ಇಲ್ಲ ಅಂದ್ರೆ ಹದಿನಾಲ್ಕು ಪ್ರಶ್ನೆ ಹಾರಿಹೋಗುತ್ತೆ ಅಂತ ಗೊತ್ತು. ಆದ್ರೂ ಇಲ್ಲ ಅಂದ್ರಾ?"

"ಸಮೀಕ್ಷೆಯೋನು ಬಾಗಿಲಲ್ಲಿ ನಿಂತು ಕೇಳ್ದ. ಅವಳು ಕುರ್ಚೀಲಿ ಕೂತಿದ್ಲು. ನನಗಿಂತ ಮೊದಲು ಅವಳನ್ನ ಕೇಳ್ದ, ಅವಳು ಹೌದು, ನಾನೇ ಇವಳನ್ನ ನೋಡ್ಕೊಳ್ಳೋದು ಅಂದ್ಲು. ಆಮೇಲೆ ನನ್ನ ಕೇಳ್ದ. ಅವಳು ನನ್ನ ಮುಖ ನೋಡ್ತಿದ್ಲು." ಅಕ್ಕ ಎರಡು ಮೆಟ್ಟಿಲು ಇಳಿದರು. "ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳ್ಬೇಕು ಅಂತ ಕೈಪಿಡೀಲಿದೆ. ಒಂದೇ ಕೋಣೆ ಇರೋ ಮನೇಲಿ ಎಲ್ಲಿಗೆ ಕರೀತಾನೆ."

ಆಮೇಲಿನ ಎರಡು ದಿನ ನಾನು ಹುಚ್ಚಿಯ ಹಾಗೆ ಫೋನ್ ಮಾಡಿದೆ. ಪ್ರಶ್ನೆಗಳನ್ನು ಬರೆದ ಹಾಗೆಯೇ ಓದಬೇಕು, ವಿವರಿಸಬಾರದು, ಹೌದು ಅನ್ನಿ ಅನ್ನುವ ದನಿಯೂ ಬರಬಾರದು, ನಾನು ಎಲ್ಲವನ್ನೂ ಪಾಲಿಸಿದೆ. ತಲೆ ಬಾಚಿದ್ದೀರಾ ಅಂದರೆ ಒಬ್ಬರು, "ಬಾಚೋಕೆ ಅವರ ತಲೇಲಿ ಏನಿದೆ, ಎಣ್ಣೆ ಹಚ್ತೀನಿ ಅಷ್ಟೇ" ಅಂದರು. ಎತ್ತಿ ಕೂರಿಸಿದ್ದೀರಾ ಅಂದದ್ದಕ್ಕೆ ಇನ್ನೊಬ್ಬರು, "ಇದನ್ನೂ ಬರ್ಕೊಳ್ತೀರಾ?" ಎಂದು ಕೇಳಿದರು. ಗುರುವಾರ ಸಂಜೆಗೆ ಇಪ್ಪತ್ತೆರಡು ಮನೆ ಮುಗಿದವು. ಹನ್ನೆರಡು ಮನೆಯಲ್ಲಿ ಜನ ಸಿಕ್ಕಿದರು. ಮೂವತ್ತೊಂದು ಹೋಗಿ ನಲವತ್ತಮೂರಾಯಿತು. ಇನ್ನೂ ಒಂದು ಫಾರಂ ಬಾಕಿಯಿರುವಾಗಲೇ ನಲವತ್ತು ದಾಟಿತ್ತು, ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಓಡಿ ಅಕ್ಕನ ಮೇಜಿಗೆ ಹೋಗಿ ಹೇಳಿದೆ.

"ಅಕ್ಕಾ, ಬಂತು. ಏಳನೇ ವಲಯಕ್ಕೆ ಬಂತು."

ಅಕ್ಕ ಸಾಲು ಮುಗಿಸಿ, ಸ್ಕೇಲು ಜಾರಿಸಿ, ತಲೆಯೆತ್ತಿದರು. "ಪತ್ರ ಪೂರ್ತಿ ಓದಿದ್ಯಾ?"

ಓದಿರಲಿಲ್ಲ. ಮೊದಲ ಪುಟ ಓದಿದ ಖುಷಿಯಲ್ಲಿ ಎರಡನೆಯದನ್ನು ತಿರುವಿರಲೇ ಇಲ್ಲ. ಮೇಷ್ಟ್ರು ಡ್ರಾಯರಿನಿಂದ ಅದನ್ನು ತೆಗೆದುಕೊಟ್ಟರು, ಕೊಡುವಾಗ ನನ್ನ ಮುಖ ನೋಡಲಿಲ್ಲ. ಅರ್ಹ ವಲಯಗಳಲ್ಲಿ ಹಗಲು ಕೊಠಡಿಗಳನ್ನು ಮುಂದಿನ ವರ್ಷದ ಎರಡನೇ ಭಾಗದಲ್ಲಿ ಹಂತಹಂತವಾಗಿ ತೆರೆಯಲಾಗುವುದು. ಒಂದನೇ ತಾರೀಖು ಸೋಮವಾರ. ಇವತ್ತು ಗುರುವಾರ.

"ಇವರಿಗೆ ಮಧ್ಯಾಹ್ನ ಬಿಡುವು ಕೊಡಿ ಅಂತ ನಾನೂ ಮೇಲಿನವರಿಗೆ ಬರೆದೆ" ಅಂದರು ಮೇಷ್ಟ್ರು. "ಒಬ್ಬರಿಗೆ ಬೇರೆ ಟೈಮ್ ಇಡೋಕೆ ಮಷೀನಲ್ಲಿ ಜಾಗ ಇಲ್ವಂತೆ."

"ನೀವು ಬರೆದ್ರಲ್ಲ ಸರ್, ಸಾಕು" ಅಂದರು ಅಕ್ಕ. ಸಮಾಧಾನ ಹೇಳಬೇಕಾದವರು ನಾವು, ಹೇಳಿದ್ದು ಅವರು, ಅದನ್ನೂ ಬಾಗಿಲು ಹಾಕಿಕೊಂಡು ಹೋಗಿ ಅನ್ನುವಷ್ಟೇ ಸಲೀಸಾಗಿ.

"ಹಾಗಾದ್ರೆ ಇಪ್ಪತ್ಮೂರನೇದು?" ಎಂದು ನಾನು ಕೇಳಿದೆ. ಹದಿನಾಲ್ಕನೇ ಫಾರಂ, ಪಕ್ಕಕ್ಕಿಟ್ಟದ್ದು, ಅದೇ ಕೊನೆಯದಾಗಿ ಉಳಿದಿತ್ತು.

"ನಲವತ್ತು ಆಯ್ತಲ್ಲ. ನಂದು ಬಿಡು."

"ಬಿಡೋಕಾಗಲ್ಲ" ಅಂದರು ಮೇಷ್ಟ್ರು. "ಒಂದು ಸಾಲು ತೆರೆದಿದ್ರೂ ಫೈಲಿಗೆ ಬೀಗ ಬೀಳಲ್ಲ. ನಾಳೆ ಐದಕ್ಕೆ ಬೀಗ. ಮನೆ ನಂಬರಿಗೇ ಫೋನ್ ಮಾಡ್ಬೇಕು, ಸಂಬಂಧಿಕರು, ಅಕ್ಕಪಕ್ಕದವರು ಕೇಳೋ ಹಾಗಿಲ್ಲ. ಕಾಲೇಜು, ನೀನು ಸಂಬಂಧಿಕಳಾ?"

"ಅಲ್ಲ ಸರ್."

"ಅಕ್ಕಪಕ್ಕದವಳಾ?"

"ಅಲ್ಲ."

"ಹಾಗಾದ್ರೆ ನೀನೇ ಕೇಳು."

ಶುಕ್ರವಾರ ಒಂದೂವರೆಗೆ ನಾನು ಫೋನ್ ತಿರುಗಿಸಿದೆ. ಅಷ್ಟೊತ್ತಿಗೆ ಬಚ್ಚಲು ಮುಗಿದಿರುತ್ತದೆ, ಊಟ ಶುರುವಾಗಿರುವುದಿಲ್ಲ ಎಂದು ಅಕ್ಕನೇ ಹೇಳಿಹೋಗಿದ್ದರು.

"ನಮಸ್ಕಾರ, ನಂಬರ್ ಹೇಳಿ."

ಹೇಳಿದೆ.

"ಲೈನಲ್ಲಿರಿ, ಕೊಡ್ತೀನಿ." ರಿಸೀವರ್ ದೂರ ಸರಿದ ಸದ್ದು. "ಏ ಹುಡುಗೀ, ನಿನಗೆ ಕಾಲ್ ಬಂದಿದೆ. ಮೂರು ನಿಮಿಷ ಮಾತ್ರ."

"ಹೇಳು" ಅಂದರು ಅಕ್ಕ.

ನಾನು ಫಾರಂನಲ್ಲಿದ್ದ ಹಾಗೆಯೇ ಓದಿದೆ. "ನಮಸ್ಕಾರ, ನಾನು ಜನಸಂಖ್ಯಾ ಸಮೀಕ್ಷೆಯ ಕಚೇರಿಯಿಂದ ಮಾತನಾಡುತ್ತಿದ್ದೇನೆ. ನೀವು ಕೊಡುವ ಉತ್ತರಗಳನ್ನು ಗೋಪ್ಯವಾಗಿ ಇಡಲಾಗುತ್ತದೆ."

"ಇಡ್ತೀರಾ, ಗೊತ್ತು. ಕಟ್ಟಿರೋ ಚೀಲದಲ್ಲಿ."

"ಕಳೆದ ಏಳು ದಿನಗಳಲ್ಲಿ ನೀವು ಅರವತ್ತು ವರ್ಷ ದಾಟಿದ ಯಾರಿಗಾದರೂ ಸ್ನಾನ ಮಾಡಿಸಿದ್ದೀರಾ?"

"ಹೂಂ."

"ಬಟ್ಟೆ ತೊಡಿಸಿದ್ದೀರಾ?"

"ಹೂಂ."

ಮೂರನೇ ಹೂಂ ಹೊತ್ತಿಗೆ ನನಗೆ ಹೊಳೆಯಿತು. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ, ಆದರೆ ಪ್ರಶ್ನೆ ಇರುವುದು ಅಕ್ಕನ ಕಿವಿಯಲ್ಲಿ, ಕೋಣೆಗೆ ಬೀಳುತ್ತಿರುವುದು ಬರೀ ಹೂಂ. ಬಾಗಿಲಲ್ಲಿ ನಿಂತವನಿಗೆ ಹೇಳಲಾಗದ್ದು ಫೋನಿನಲ್ಲಿ ಹೇಳಲು ಬರುತ್ತಿತ್ತು. ತುತ್ತು, ಮಾತ್ರೆ, ತಲೆ, ಉಗುರು, ಎತ್ತುವುದು, ಹಾಸಿಗೆ ಬದಲಿಸುವುದು, ಹನ್ನೊಂದು ಪ್ರಶ್ನೆ, ಹನ್ನೊಂದು ಹೂಂ, ಎಲ್ಲವೂ ಒಂದೇ ದನಿಯಲ್ಲಿ.

"ಈ ಎಲ್ಲ ಕೆಲಸಗಳಿಗೆ ವಾರಕ್ಕೆ ಒಟ್ಟು ಎಷ್ಟು ಗಂಟೆ, ಜೊತೆಗಿದ್ದು ನಿಗಾ ಇಡುವ ಸಮಯವೂ ಸೇರಿ?"

"ನೂರಾ ಇಪ್ಪತ್ತೊಂದು." ತಕ್ಷಣ ಬಂತು, ಲೆಕ್ಕ ಮಾಡಿ ಇಟ್ಟುಕೊಂಡದ್ದರ ಹಾಗೆ. ವಾರದ ನೂರಾ ಅರವತ್ತೆಂಟರಲ್ಲಿ ಆಫೀಸಿನ ನಲವತ್ತೆರಡು ಕಳೆದು, ದಾರಿಯ ಐದು ಕಳೆದು.

ನನ್ನ ಮುಂದೆ ಎರಡೇ ಚೌಕ. "ಅಕ್ಕಾ, ಇಲ್ಲಿ ಎರಡಂಕಿಗೆ ಮಾತ್ರ..."

"ಗೊತ್ತು. ತೊಂಬತ್ತೊಂಬತ್ತು ಹಾಕ್ಬೇಡ, ಅದು ಗೊತ್ತಿಲ್ಲ ಅಂತ. ತೊಂಬತ್ತೆಂಟು ಹೇಳೋಕೆ ಒಪ್ಪಲಿಲ್ಲ ಅಂತ. ಉಳಿದಿರೋದ್ರಲ್ಲಿ ದೊಡ್ಡದು ತೊಂಬತ್ತೇಳು, ಅದನ್ನ ಹಾಕು."

"ಯಾವ ನಂಬರೇ ಅದು?" ಹಿಂದಿನಿಂದ ದೊಡ್ಡಮ್ಮನ ದನಿ. "ಎರಡಂಕಿ ನಂಬರ್ ನಮ್ಮಲ್ಲಿಲ್ಲ ಅನ್ನು."

"ಇಲ್ಲ ಅಂತ ಹೇಳ್ತಿದೀನಿ ದೊಡ್ಡಮ್ಮ."

ತೊಂಬತ್ತೇಳು ಎಂದು ಬರೆದೆ. ಇಪ್ಪತ್ತನಾಲ್ಕು ಗಂಟೆ, ಒಂದು ಇಡೀ ದಿನ, ಚೌಕದ ಹೊರಗೆ ಉಳಿಯಿತು.

"ಈ ಕೆಲಸಗಳು ನಿಮಗೆ ಹೊರೆ ಅನಿಸುತ್ತವೆಯೇ? ಬಹಳ, ಸ್ವಲ್ಪ, ಇಲ್ಲ."

ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿಸಿತು. "ನಾಲ್ಕನೇದು ಏನಿದೆ?"

"ಅನ್ವಯಿಸುವುದಿಲ್ಲ."

"ಅದನ್ನ ಹಾಕು."

ಕೊನೆಯ ಪ್ರಶ್ನೆಯ ಮೇಲೆ ನನ್ನ ಬೆರಳು ನಿಂತಿತು. ಓದಲೇಬೇಕಿತ್ತು. "ಈ ಕಾರಣದಿಂದ ನೀವು ಕಳೆದ ಮೂರು ತಿಂಗಳಲ್ಲಿ ಸಂಬಳದ ಕೆಲಸವನ್ನು ಬಿಟ್ಟಿದ್ದೀರಾ? ಹೌದು, ಇಲ್ಲ."

"ಉಲ್ಲೇಖ ದಿನಾಂಕ ಇವತ್ತಿಂದು ಅಲ್ವಾ?"

"ಹೂಂ."

"ಇವತ್ತಿಗೆ ಇಲ್ಲ."

"ಅಕ್ಕಾ, ಸೋಮವಾರ ಹೌದಾಗುತ್ತೆ."

"ಸೋಮವಾರದ್ದು ಸೋಮವಾರ. ಇಲ್ಲ ಅಂತ ಹಾಕು. ಉತ್ತರ ನಮ್ಮದಲ್ಲ ಅಂತ ನಿನಗೆ ಹೇಳಿಕೊಟ್ಟಿಲ್ವಾ?"

"ಇದು ನಿಮ್ಮದೇ ಅಲ್ವಾ ಅಕ್ಕಾ."

"ನನ್ನದೇ. ಅದಕ್ಕೇ ಸರಿಯಾಗಿ ಹೇಳ್ತಿದೀನಿ."

ಇಲ್ಲ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ವಂದನೆಗಳು ಎಂದು ಓದಿದೆ. ಆಮೇಲೆ ಏನು ಮಾಡಬೇಕೋ ಗೊತ್ತಾಗದೆ, ಲೈನ್ ಕಟ್ ಮಾಡ್ತೀನಿ ಅಂದೆ, ಅಕ್ಕ, "ಅವಳಿಗೆ ಕೊಡ್ತೀನಿ, ಅವಳಿಗೇ ಹೇಳು" ಅಂದರು. ಮತ್ತೆ ಹೇಳಿದೆ. "ಸರಿ, ಕಟ್ ಮಾಡಿ" ಎಂದು ದೊಡ್ಡಮ್ಮ ಅಪ್ಪಣೆ ಕೊಟ್ಟರು.

ಎರಡೂವರೆಗೆ ಅಕ್ಕ ಬಂದರು, ಬೆರಳೊತ್ತಿದರು, ಕುಳಿತರು. ಐದಕ್ಕೆ ಫೈಲಿಗೆ ಬೀಗ ಬಿತ್ತು, ಏಳನೇ ವಲಯ, ನಲವತ್ತನಾಲ್ಕು. ಮೇಷ್ಟ್ರು ಎಲ್ಲರಿಗೂ ಟೀ ತರಿಸಿದರು. ಪ್ರಿಂಟರ್ ಅಣ್ಣ ಒಂದೂ ತಮಾಷೆ ಮಾಡಲಿಲ್ಲ, ಅಕ್ಕನ ಲೋಟವನ್ನು ತಾನೇ ತಂದು ಮೇಜಿನ ಮೇಲಿಟ್ಟ. ಅಕ್ಕ ಅದನ್ನು ಆರಲು ಬಿಟ್ಟು ಎಂಟನೇ ವಲಯದ ಕಟ್ಟು ಬಿಚ್ಚಿದರು.

ಶನಿವಾರ ಅವರು ಸಹಿ ಹಾಕದ ಒಪ್ಪಂದದ ಕಾಗದವನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, ಅರ್ಧ ಮುಗಿದಿದ್ದ ಕಟ್ಟಿಗೆ ಮತ್ತೆ ದಾರ ಸುತ್ತಿ, ಎಲ್ಲಿಯವರೆಗೆ ಹೊಡೆದಿದ್ದೇನೆ ಎಂದು ಚೀಟಿ ಸಿಕ್ಕಿಸಿ, ನನ್ನ ಮೇಜಿಗೆ ತಂದರು.

"ಇನ್ನೂರಾ ಹದಿನೆಂಟನೇ ಮನೆಯಿಂದ ಮುಂದೆ ನಿಂದು. ವಯಸ್ಸಿನ ಕಾಲಂ ನೋಡಿ ಹೊಡಿ, ಈ ಕಟ್ಟಲ್ಲಿ ಬರೆದೋನು ಒಂದನ್ನೂ ಏಳನ್ನೂ ಒಂದೇ ಥರ ಬರೀತಾನೆ."

"ಸಾಲು ತಪ್ಪಿದ್ರೆ?"

ನನ್ನ ಕಣ್ಣು ಎಲ್ಲಿ ಹೋಯಿತೆಂದು ಅವರು ನೋಡಿದರು. ಸ್ಕೇಲನ್ನು ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ಚೀಲಕ್ಕೆ ಹಾಕಿಕೊಂಡರು. "ಇದನ್ನ ತಗೊಂಡು ಹೋಗ್ದಿದ್ರೆ ಮನೇಲಿ ಬೈಸ್ಕೊಳ್ಳಬೇಕು. ನೀನು ಒಂದು ಕೊಂಡ್ಕೋ" ಅಂದರು. ಗಡಿಯಾರ ನೋಡಿದರು. ಒಂದು ಗಂಟೆಯಾಗಿತ್ತು, ಹೊರಟರು.